ಹಿವರೆ ಬಜಾರ್: ದಿಣ್ಣೆಯಿಂದ ಬಾವಿಯವರೆಗೆ

ಸೊಲ್ಲಾಪುರ ಬಿಟ್ಟು ಕರ್ಮಾಳಾ ಮೇಲೆ ಅಹ್ಮದ್‌ನಗರಕ್ಕೆ (ಈಗಿನ ಅಹಿಲ್ಯಾನಗರ) ಹೋಗುವ ದಾರಿಯಲ್ಲಿ, ಮಳೆ ಕಡಿಮೆ ಬೀಳುವ ಮಳೆನೆರಳಿನ ಸೀಮೆಯಾದರೂ ಕಬ್ಬಿನ ಗದ್ದೆಗಳಿಗೆ ಬರವಿಲ್ಲ. ನಗರದಿಂದ ಪಶ್ಚಿಮಕ್ಕೆ ಸುಮಾರು 17 ಕಿ.ಮೀ. ಹೋದರೆ ಸಿಗುವ, ಮಳೆನೀರು ಹಿಡಿದಿಟ್ಟು ಹೆಸರಾದ ಮಹಾರಾಷ್ಟ್ರದ ಹಳ್ಳಿ ಹಿವರೆ ಬಜಾರಿನಲ್ಲಿ ಮಾತ್ರ ಕಬ್ಬು, ಬಾಳೆ ಎರಡಕ್ಕೂ ನಿಷೇಧ. ನೀರಾವರಿಗೆ ಬೋರ್‌ವೆಲ್ ಕೊರೆಸುವಂತಿಲ್ಲ. ಈ ಕಟ್ಟುಪಾಡು ಹಾಕಿಕೊಂಡದ್ದು ಸರ್ಕಾರವಲ್ಲ, ಊರಿನ ಗ್ರಾಮಸಭೆ. ಮುಂದೆ ನಿಂತವರು 1990ರ ಹೊತ್ತಿಗೆ ಸರಪಂಚರಾದ (ಗ್ರಾಮ ಪಂಚಾಯಿತಿ ಮುಖ್ಯಸ್ಥ) ಪೋಪಟರಾವ್ ಪವಾರ್. ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

ಊರು ನೋಡಲು ಬಂದವರು ಸಾಮಾನ್ಯವಾಗಿ ಚೆಕ್ ಡ್ಯಾಂ ಹತ್ತಿರ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಆದರೆ ನೋಡಬೇಕಾದ್ದು ಗುಡ್ಡದ ನೆತ್ತಿಯಿಂದ. ಕೆಲಸ ನಡೆದ ಕ್ರಮವೂ ಅದೇ: ಮೊದಲು ದಿಣ್ಣೆ, ಆಮೇಲೆ ಕೊರಕಲು, ಹೊಲದ ಬದು, ಕೊನೆಗೆ ಹಳ್ಳ. ಹಳ್ಳಕ್ಕೆ ಮೊದಲು ಡ್ಯಾಂ ಕಟ್ಟಿದರೆ ಬೋಳುಗುಡ್ಡದ ಮಣ್ಣೆಲ್ಲ ಇಳಿದು ಬಂದು ಕೆಲವೇ ಮಳೆಗಾಲದಲ್ಲಿ ಹೂಳು ತುಂಬುತ್ತದೆ.

ಇಳಿಜಾರಿನಲ್ಲಿರುವುದು ಸಮಮಟ್ಟದ ಕಂದಕಗಳು, ಅಂದರೆ ಹರಿದು ಬರುವ ಮಳೆನೀರು ನಿಂತು ಇಂಗಲೆಂದು ಗುಡ್ಡಕ್ಕೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ತೋಡಿದ ಕಾಲುವೆಗಳು. ಇಂಥ ಕಂದಕಕ್ಕೆ ವಾಡಿಕೆಯ ಅಳತೆ 60 ಸೆಂ.ಮೀ. ಅಗಲ, 30 ಸೆಂ.ಮೀ. ಆಳ. ಹಾಗಾದರೆ ಒಂದು ಮೀಟರ್ ಉದ್ದಕ್ಕೆ ಒಮ್ಮೆಗೆ 180 ಲೀಟರ್ ನೀರು ನಿಲ್ಲುತ್ತದೆ. ತೆಗೆದ ಮಣ್ಣನ್ನು ಕೆಳಮಗ್ಗುಲಲ್ಲಿ, ಅಂಚಿನಿಂದ ಒಂದು ಗೇಣಿಗಿಂತ ಹೆಚ್ಚು ಬಿಟ್ಟು ಏರಿ ಹಾಕಬೇಕು. ಅಂಚಿಗೇ ಸುರಿದರೆ ಮೊದಲ ಮಳೆಗೆ ಮತ್ತೆ ಒಳಗೆ ಬೀಳುತ್ತದೆ. ಆ ಏರಿಯ ಮೇಲೇ ಹುಲ್ಲಿನ ಬೀಜ, ಗಿಡ. ಕಣ್ಣಂದಾಜಿನಲ್ಲಿ ಮಟ್ಟ ಹಿಡಿಯುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. 10 ಮೀಟರಿಗೆ ಬರೀ 5 ಸೆಂ.ಮೀ. ವಾಲಿದರೂ 60 ಮೀಟರಿನ ಕಂದಕದಲ್ಲಿ ಒಂದು ತುದಿ 30 ಸೆಂ.ಮೀ. ತಗ್ಗುತ್ತದೆ, ಅಂದರೆ ಕಂದಕದ ಪೂರಾ ಆಳದಷ್ಟು! ನೀರೆಲ್ಲ ಆ ತುದಿಗೆ ನುಗ್ಗಿ ಏರಿ ಒಡೆದು, ಕೆಳಗಿನ ಕಂದಕಗಳನ್ನೂ ಒಂದರ ಹಿಂದೊಂದು ಒಡೆಯುತ್ತದೆ. ಲೆವೆಲ್ ಪೈಪಿನಿಂದಲೋ (ನೀರು ತುಂಬಿದ ಪಾರದರ್ಶಕ ಕೊಳವೆ) ಎ ಫ್ರೇಮಿನಿಂದಲೋ (ತೂಗುಗುಂಡು ಕಟ್ಟಿದ A ಆಕಾರದ ಮರದ ಚೌಕಟ್ಟು) ಮಟ್ಟ ನೋಡಿ ಗುರುತು ಹಾಕಿ, ನಡುನಡುವೆ ಅಗೆಯದ ಮಣ್ಣಿನ ಅಡ್ಡಗಟ್ಟೆ ಉಳಿಸಿದರೆ ಆ ಅಪಾಯ ಕಡಿಮೆ. ಕೊರಕಲು ಅಡ್ಡ ಬಂದಲ್ಲಿ ಕಂದಕ ನಿಲ್ಲಿಸಲೇಬೇಕು.

ಕೊರಕಲಿಗೆ ಬೇಕಾದ್ದು ಕಲ್ಲುತಡೆ. ಎತ್ತರ ಒಂದು ಮೀಟರ್ ಮೀರಬಾರದು, ದೊಡ್ಡ ಕಲ್ಲು ಹೊರಗೆ, ಸಣ್ಣವು ಒಳಗೆ. ಎರಡೂ ಪಕ್ಕ ದಡದೊಳಗೆ ಅರ್ಧ ಮೀಟರಿನಷ್ಟು ಹೂತಿರಬೇಕು, ನೆತ್ತಿ ನಡುವೆ ತಗ್ಗಿರಬೇಕು. ನೆತ್ತಿ ಸಪಾಟಾದರೆ ನೀರು ಪಕ್ಕದ ದಡ ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ, ತಡೆ ಮಾತ್ರ ನಡುವೆ ದ್ವೀಪವಾಗಿ ಉಳಿಯುತ್ತದೆ. ಮೇಲಿನ ತಡೆಯ ಬುಡ, ಕೆಳಗಿನ ತಡೆಯ ನೆತ್ತಿ ಒಂದೇ ಮಟ್ಟಕ್ಕೆ ಬರುವಂತೆ ಅಂತರ ಇಡುವುದು ಲೆಕ್ಕ.

ಗುಡ್ಡದಲ್ಲಿ ದನ ಮೇಯಿಸುವಂತಿಲ್ಲ, ಕೊಡಲಿ ಹಾಕುವಂತಿಲ್ಲ, ಹುಲ್ಲು ಕೊಯ್ದು ಹೊತ್ತೊಯ್ಯಬಹುದು. ಕಂದಕದ ಏರಿಯನ್ನು ಹಿಡಿದಿಟ್ಟಿರುವುದು ಈ ಹುಲ್ಲೇ. ಮೇವು ಕೊಟ್ಟಿಗೆಗೆ ಬರುವುದರಿಂದ ಹಾಲಿನ ಕಸುಬು ಬೆಳೆದದ್ದೂ ಹೀಗೆಯೇ.

ಇಷ್ಟೆಲ್ಲ ಬೇರೆ ಊರುಗಳಲ್ಲೂ ಆಗಿದೆ, ಆದರೂ ಬೇಸಿಗೆಯಲ್ಲಿ ಬಾವಿ ಒಣಗುತ್ತದೆ. ಹಿವರೆ ಬಜಾರಿನ ನಿಜವಾದ ಕೆಲಸ ಇರುವುದು ಊರೊಳಗಿನ ಲೆಕ್ಕದಲ್ಲಿ. ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್. ಊರಿನ ವಿಸ್ತಾರ ಸುಮಾರು 977 ಹೆಕ್ಟೇರ್, 400 ಮಿ.ಮೀ. ಮಳೆಯಾದರೆ ಬೀಳುವುದು 390 ಕೋಟಿ ಲೀಟರ್. ಕೇಳಲು ದೊಡ್ಡದು, ಆದರೆ ಅದರಲ್ಲಿ ಬಹುಪಾಲು ಆವಿಯಾಗಿ, ಬೆಳೆ ಹೀರಿ, ಹರಿದು ಹೋಗುತ್ತದೆ. ಕೆಳಗಿರುವುದು ದಖ್ಖನ್ ಕಪ್ಪುಶಿಲೆ. ಶಿಥಿಲವಾದ ಪದರ, ಬಿರುಕುಗಳಲ್ಲಿ ಮಾತ್ರ ನೀರು ಕೂರುತ್ತದೆ, ಅದೂ ಕೊಂಚ. ಆ ಕೊಂಚಕ್ಕೆ ಒಬ್ಬ ಆಳವಾದ ಬೋರ್ ಕೊರೆಸಿದರೆ ಊರಿನ ತೆರೆದ ಬಾವಿಗಳೇ ಬರಿದಾಗುತ್ತವೆ.

ಅದಕ್ಕೇ ಮಳೆಮಾಪಕ, ಬಾವಿ ಮಟ್ಟ ಎರಡನ್ನೂ ಬರೆದಿಟ್ಟು, ಮಳೆಗಾಲ ಮುಗಿದ ಮೇಲೆ ಗ್ರಾಮಸಭೆ ಕೂರುತ್ತದೆ. ಮೊದಲು ಜನ, ಜಾನುವಾರಿಗೆ ಕುಡಿಯಲು ತೆಗೆದಿಡುತ್ತಾರೆ. ಉಳಿದುದರಲ್ಲಿ ಹಿಂಗಾರಿಗೆ ಎಷ್ಟು, ಯಾವ ಬೆಳೆಗೆ ಎಂಬ ತೀರ್ಮಾನ. ಮಳೆ ಕೈಕೊಟ್ಟ ವರ್ಷ ನೀರು ಹೆಚ್ಚು ಬೇಡುವ ಬೆಳೆಗೆ ಕತ್ತರಿ. ನಮ್ಮಲ್ಲಿ ಜಲಾನಯನ ಸಂಘಗಳು ಕಾಮಗಾರಿ ಮುಗಿದೊಡನೆ ಕಾಗದದಲ್ಲಷ್ಟೇ ಉಳಿಯುವುದಕ್ಕೆ, ಪ್ರತಿ ವರ್ಷ ಕೂತು ಮಾಡುವ ಇಂಥದ್ದೊಂದು ಕೆಲಸ ಅವುಗಳ ಪಾಲಿಗೆ ಇಲ್ಲದಿರುವುದೇ ಕಾರಣ.

ಸುತ್ತಲಿನ ಜಿಲ್ಲೆಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳನ್ನು ಬಾವಿ ನೀರಿನಿಂದ ತುಂಬಿಸುವುದು ಕಂಡುಬರುತ್ತದೆ. ನೆಲದಡಿ ತಣ್ಣಗಿದ್ದ ಊರಿನ ನೀರನ್ನು ಬಿಸಿಲಿಗೆ ಎತ್ತಿ, ಒಬ್ಬನ ಪಾಲು ಮಾಡಿ, ಆವಿಯಾಗಲು ಬಿಡುವ ಏರ್ಪಾಡು ಅದು.

ಹೋಗುವವರು ಅಕ್ಟೋಬರಿನಲ್ಲಿ ಹಸಿರು ನೋಡಿ ಮೆಚ್ಚುವುದಕ್ಕಿಂತ ಮೇ ತಿಂಗಳಲ್ಲಿ ಹೋಗುವುದು ಮೇಲು. ಆಗ ಹುಲ್ಲು ಒಣಗಿ ಕಂದಕದ ಮಟ್ಟ, ಹೂಳು ಎರಡೂ ಕಣ್ಣಿಗೆ ಬೀಳುತ್ತವೆ, ಬಾವಿಯಲ್ಲಿ ಉಳಿದ ನೀರಿನ ಮಟ್ಟವನ್ನೂ ಅಳೆದು ನೋಡಬಹುದು.