ರೈಡ್‌ಗೆ ಹೋಗುವ ಮುಂಚೆ

ಶಿವಮೊಗ್ಗದ ನೆಹರೂ ಕ್ರೀಡಾಂಗಣಕ್ಕೆ ಕಬಡ್ಡಿ ಆಡಲು ಹೋದಾಗಲೆಲ್ಲ, ಬೆಳಗ್ಗೆ ತಿಂದ ಕಡುಬು ಗಂಟಲಲ್ಲೇ ನಿಂತಂತಾಗುತ್ತಿತ್ತು. ಅಂಗೈ ತಣ್ಣಗೆ, ಎದೆ ಡವಡವ. ಒಮ್ಮೆ ರೈಡ್‌ಗೆ, ಅಂದರೆ ಎದುರಾಳಿಗಳ ಅಂಕಣಕ್ಕೆ ನುಗ್ಗಲು ಹೋದವಳು, ಭಯಕ್ಕೆ ಹೆಚ್ಚುವರಿ ಅಂಕ ಕೊಡುವ ಬೋನಸ್ ಗೆರೆಯ ಹತ್ತಿರವೂ ಹೋಗದೆ, ಬರೀ ದಾಟಲೇಬೇಕಾದ ಬಾಕ್ ಲೈನ್ ದಾಟಿ ವಾಪಸ್ ಬಂದೆ. ಸಾಗರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳು.

ಅಣ್ಣ ಹೇಳಿದ, "ರೈಡ್ ಇರೋದೇ 30 ಸೆಕೆಂಡು ಪುಟ್ಟಿ. ಅಷ್ಟನ್ನೇ ಯೋಚಿಸು."

ಈಗ ಆಟಕ್ಕೆ ಮೊದಲು ಮೂಲೆಯಲ್ಲಿ ಸುಮ್ನೆ ಕೂರುತ್ತೇನೆ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಹೊರಗೆ ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ನಿಧಾನವಾಗುತ್ತದೆ. ಆಮೇಲೆ ಮಂಡಿಪಟ್ಟಿ ಬಿಚ್ಚಿ ಮತ್ತೆ ಹಾಕುತ್ತೇನೆ. ಮೊದಲು ಎಡ, ಆಮೇಲೆ ಬಲ.

ಕೈ ನಡುಗುವುದು ಪೂರ್ತಿ ನಿಂತಿಲ್ಲ. ನಡುಗಿದರೇನು, ಕಾಲು ಓಡುತ್ತದಲ್ವಾ? ಹೋದ ಭಾನುವಾರ ಎರಡು ಬೋನಸ್ ಪಾಯಿಂಟ್ ತೆಗೆದೆ. ಬಸ್ಸು ಹತ್ತುವ ಮುಂಚೆಯೇ ಅಣ್ಣನಿಗೆ ಫೋನ್ ಮಾಡಿದೆ.