ಓಡುವುದನ್ನೆಲ್ಲ ತರುಬುವ ನಾಯಿಗಳು

ಪುಣೆ, 16 ನವೆಂಬರ್ 2025, ಭಾನುವಾರ

ಅಕ್ಕನ ಮಗಳು ಮಧ್ಯಾಹ್ನ ಫೋನ್ ಮಾಡಿ, "ಮಾವಶಿ, ನಾವೂ ನಿಮ್ಮ ಗೌರಿಯಂಥಾ ಬಾರ್ಡರ್ ಕೋಲಿ ಮರಿ ತರಬೇಕಂತ ಮಾಡೀವಿ, ಹೆಂಗ ಅಂತೀರಿ?" ಎಂದು ಕೇಳಿದಳು. ಬಾಣೇರ್‌ನಲ್ಲಿ ಏಳನೆಯ ಮಹಡಿಯ ಮೇಲೆ ಅವರ ಮನೆ ಇದೆ. ಗಂಡ ಹೆಂಡತಿ ಇಬ್ಬರೂ ದಿನಾ ಕೆಲಸಕ್ಕೆಂದು ಹಿಂಜವಡಿಗೆ ಹೋಗಿ ಬರುವವರು, ಮಗನಿಗೆ ಆರು ವರ್ಷ. ಹೌದು ಅಥವಾ ಬೇಡ ಎಂದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಮೊದಲು ಜರ್ಮನ್ ಶೆಫರ್ಡ್, ಈಗ ಬಾರ್ಡರ್ ಕೋಲಿ, ಹೀಗೆ ಮಂದೆ ಅಟ್ಟುವ ನಾಯಿಗಳ ಜೊತೆಗೇ ನಮ್ಮ ಮನೆ ಬಹುಕಾಲ ನಡೆದು ಬಂದಿರುವುದರಿಂದ, ಅವಳಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ಯೋಚನೆಯಲ್ಲಿರುವ ಬೇರೆಯವರಿಗೂ ಉಪಯೋಗವಾದೀತು.

ಮರಿಯ ಮುಖ ನೋಡಿ, ಬಣ್ಣ ನೋಡಿ, ಬಹಳ ಬುದ್ಧಿಯ ನಾಯಿ ಎಂಬ ಮಾತು ಕೇಳಿ ಜಾತಿಯನ್ನು ಆರಿಸುವವರೇ ಹೆಚ್ಚು. ಆದರೆ ಈ ನಾಯಿಗಳ ವಿಷಯದಲ್ಲಿ ಮೊದಲು ವಿಚಾರಿಸಬೇಕಾದದ್ದು, ಅವುಗಳ ಹಿಂದಿನ ತಲೆಮಾರುಗಳಿಂದ ಕುರಿಗಾರನು ಯಾವ ಕೆಲಸ ಮಾಡಿಸಿಕೊಳ್ಳುತ್ತಿದ್ದನು ಎಂಬುದನ್ನು. ಆ ಕೆಲಸ ರಕ್ತದಲ್ಲಿ ಇಳಿದು ಬಂದಿರುತ್ತದೆ. ಕುರಿ ಸಿಗದಿದ್ದರೆ ನಾಯಿಯು ಅಂಗಳದಲ್ಲಿ ಓಡುವ ಮಕ್ಕಳ ಮೇಲೆ, ರಸ್ತೆಯ ಸ್ಕೂಟರುಗಳ ಮೇಲೆ, ಕಡೆಗೆ ನೆಲ ಒರೆಸುವ ಬಟ್ಟೆಯ ಮೇಲಾದರೂ ಅದನ್ನೇ ಮಾಡುತ್ತದೆ.

ದೀಪಾವಳಿ ಕಳೆದ ಮೇಲೆ ಮಹಾರಾಷ್ಟ್ರದ ಕುರಿಗಾರರಾದ ಧನಗರರು ಕುರಿಗಳನ್ನು ಹೊಡೆದುಕೊಂಡು, ಕುದುರೆಗಳ ಮೇಲೆ ಸಂಸಾರದ ಸಾಮಾನು ಹೇರಿಕೊಂಡು ಕೊಂಕಣದತ್ತ ಇಳಿಯುವ ಕಾಲ ಇದು. ಸಾಸವಡದ ಕಡೆ ಹೋದಾಗಲೆಲ್ಲ ಅವರ ಮಂದೆಯ ಜೊತೆಗಿರುವ ನಾಯಿಗಳನ್ನು ನಾನು ಗಮನವಿಟ್ಟು ನೋಡುತ್ತೇನೆ. ಕುರಿಗಳನ್ನು ತಿರುಗಿಸುವುದು, ಕೂಡಿಸುವುದು, ರಸ್ತೆ ದಾಟಿಸುವುದು ಎಲ್ಲವನ್ನೂ ಮನುಷ್ಯರೇ ಕೂಗು ಹಾಕಿ, ಕೋಲು ಅಡ್ಡ ಹಿಡಿದು ಮಾಡುತ್ತಾರೆ. ನಾಯಿ ಪಕ್ಕದಲ್ಲಿ ಸುಮ್ಮನೆ ನಡೆಯುತ್ತದೆ. ರಾತ್ರಿ ಯಾರದೋ ಹೊಲದಲ್ಲಿ ಕುರಿ ತರುಬಿದ ಮೇಲೆ ಅದರ ಕೆಲಸ ಶುರುವಾಗುತ್ತದೆ, ಏಕೆಂದರೆ ಪುಣೆ ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಇಂದಿಗೂ ತೋಳಗಳಿವೆ. ನಮ್ಮ ಕಡೆಯ ಕುರುಬರ ಹಟ್ಟಿಗಳಲ್ಲಿಯೂ ನಾಯಿ ಇರುವುದು ಈ ಕಾವಲಿಗಾಗಿಯೇ. ಜಮ್ಮು ಕಾಶ್ಮೀರದ ಬಕರವಾಲ್ ನಾಯಿ, ಹಿಮಾಚಲದ ಗದ್ದಿ ನಾಯಿ ಕೂಡ ಇದೇ ಬಳಗದವು. ಕುರಿಗಳ ನಡುವೆಯೇ ಬೆಳೆಯುವ ಇಂಥ ನಾಯಿಗೆ ಕುರಿಯನ್ನು ಅಟ್ಟಬೇಕೆಂದು ಸಾಮಾನ್ಯವಾಗಿ ಅನ್ನಿಸುವುದಿಲ್ಲ.

ಬ್ರಿಟನ್ನಿನ ಕೋಲಿ ಇದಕ್ಕೆ ತೀರ ಬೇರೆ. ಬೇಟೆಗೆ ಹೊರಟ ತೋಳವು ದಿಟ್ಟಿಸುತ್ತದೆ, ಮೈ ತಗ್ಗಿಸಿ ಹತ್ತಿರ ಸರಿಯುತ್ತದೆ, ಅಟ್ಟುತ್ತದೆ, ಕಚ್ಚುತ್ತದೆ, ಕೊಲ್ಲುತ್ತದೆ. ಕುರಿಗಾರರು ತಲೆಮಾರುಗಟ್ಟಲೆ ನಾಯಿಗಳನ್ನು ಆರಿಸುತ್ತ ಆರಿಸುತ್ತ ಈ ಸರಣಿಯ ಮೊದಲ ಮೂರು ಹಂತಗಳನ್ನು ಹರಿತಗೊಳಿಸಿ, ಕೊನೆಯ ಎರಡನ್ನು ಅಡಗಿಸಿದ್ದರಿಂದ ಬಾರ್ಡರ್ ಕೋಲಿ ರೂಪುಗೊಂಡಿತು. 1893ರಲ್ಲಿ ಇಂಗ್ಲೆಂಡಿನ ನಾರ್ಥಂಬರ್‌ಲ್ಯಾಂಡಿನಲ್ಲಿ ಆಡಂ ಟೆಲ್ಫರ್ ಎಂಬ ಕುರಿಗಾರರ ಬಳಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ನಾಯಿ, ಅಬ್ಬರವಿಲ್ಲದೆ ನೋಟದ ಬಲದಿಂದಲೇ ಕುರಿಗಳನ್ನು ನಡೆಸುತ್ತಿತ್ತು; ಇಂದಿನ ಬಾರ್ಡರ್ ಕೋಲಿಗಳ ವಂಶಾವಳಿಗಳೆಲ್ಲ ಬಹುಮಟ್ಟಿಗೆ ಅದರಲ್ಲಿಗೇ ಹೋಗಿ ಸೇರುತ್ತವೆ. 1906ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಕುರಿನಾಯಿ ಸಂಘವೂ ನಾಯಿಯ ಅಂದಚಂದಕ್ಕಿಂತ ಅದರ ಕೆಲಸಕ್ಕೇ ಬೆಲೆ ಕೊಟ್ಟಿತು. ದಿನವಿಡೀ ಗುಡ್ಡದ ಮೇಲೆ ಓಡಿದರೂ ದಣಿಯದ, ಕುರಿಗಾರನ ಸಿಳ್ಳಿಗೆ ಅರ್ಧ ಮೈಲಿ ದೂರದಲ್ಲಿ ನಿಂತು ತಿರುಗುವ ನಾಯಿಯನ್ನು ನಾವು ಈಗ ಏಳನೆಯ ಮಹಡಿಗೆ ತರಬೇಕೆನ್ನುತ್ತಿದ್ದೇವೆ.

ಗೌರಿಯ ದಿನವನ್ನೇ ಹೇಳುತ್ತೇನೆ. ಬೆಳಕು ಹರಿಯುವ ಮುನ್ನ ನಾವು ವೇತಾಳ ಟೇಕಡಿ ಹತ್ತುತ್ತೇವೆ. ಅಲ್ಲಿ ನವಿಲುಗಳಿರುವುದರಿಂದ ಹಗ್ಗ ಬಿಚ್ಚುವ ಮಾತೇ ಇಲ್ಲ. ನವಿಲು ಕಂಡ ಕೂಡಲೇ ಗೌರಿ ಎದೆಯನ್ನು ನೆಲಕ್ಕೆ ತಾಗಿಸುವಷ್ಟು ತಗ್ಗಿ, ಒಂದು ಮುಂಗಾಲನ್ನು ಎತ್ತಿಕೊಂಡು ಕಲ್ಲಾಗಿ ನಿಲ್ಲುತ್ತಾಳೆ. ಮನೆಗೆ ನೆಂಟರು ಬಂದು ಒಬ್ಬರು ಅಡುಗೆಮನೆಗೆ, ಒಬ್ಬರು ಬಾಲ್ಕನಿಗೆ ಹೋದರೆ ಅವಳಿಗೆ ನೆಮ್ಮದಿ ಇರುವುದಿಲ್ಲ. ಎಲ್ಲರೂ ಒಂದೇ ಕೋಣೆಗೆ ಬರುವತನಕ ಸುತ್ತು ಹಾಕುತ್ತಾಳೆ. ಮಕ್ಕಳು ಕಿರುಚುತ್ತ ಓಡಿದಾಗ ಅವರ ಹಿಮ್ಮಡಿಯ ಬಳಿ ಬಾಯಿ ಒಯ್ಯುವ ಗುಣ ಈ ಬಳಗದ ನಾಯಿಗಳಿಗೆಲ್ಲ ಇದ್ದದ್ದೇ. ಅದರಲ್ಲಿ ದ್ವೇಷವಿಲ್ಲ, ಕೋಪವೂ ಇಲ್ಲ, ಆದರೂ ಹಲ್ಲು ತಾಗಿದರೆ ಮಗುವಿಗೆ ನೋವಾಗುತ್ತದೆ, ಸೊಸೈಟಿಯಲ್ಲಿ ಜಗಳವಾಗುತ್ತದೆ.

ಓಡಿಸಿ ದಣಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ. ದಿನಾ ಇನ್ನಷ್ಟು ಓಡಿಸಿದರೆ ನಾಯಿಯ ಕಸುವು ಇನ್ನಷ್ಟು ಹೆಚ್ಚುತ್ತದೆ, ಮರುದಿನ ಅದು ಅದಕ್ಕಿಂತ ಹೆಚ್ಚು ಓಟ ಬೇಡುತ್ತದೆ. ಅದಕ್ಕೆ ಬೇಕಾದದ್ದು ತಲೆಗೆ ಕೆಲಸ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಪಿಲ್ಲಿ ಅವರು ತಮ್ಮ ಚೇಸರ್ ಎಂಬ ಬಾರ್ಡರ್ ಕೋಲಿಗೆ 1,022 ಆಟಿಕೆಗಳ ಹೆಸರು ಕಲಿಸಿ 2011ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಅಷ್ಟು ಕಲಿಯಬಲ್ಲ ತಲೆಯನ್ನು ಬರಿದೆ ಬಿಟ್ಟರೆ ಅದು ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಹಾಗೆ ಹುಡುಕಿಕೊಳ್ಳುವ ಕೆಲಸಗಳಲ್ಲಿ ತುಂಬ ಕೆಟ್ಟದ್ದು ಬೆಳಕಿನ ಹಿಂದೆ ಬೀಳುವುದು. ಸ್ಟೀಲ್ ತಟ್ಟೆಯಿಂದ, ಕೈಗಡಿಯಾರದಿಂದ ಗೋಡೆಗೆ ಬಿದ್ದ ಹೊಳಪನ್ನು ಅಟ್ಟತೊಡಗಿದ ನಾಯಿ, ಊಟ ನಿದ್ದೆ ಬಿಟ್ಟು ಗೋಡೆ ನೋಡುತ್ತ ಕೂರುವ ಮಟ್ಟಕ್ಕೆ ಹೋಗಬಹುದು. ಆದ್ದರಿಂದ ಲೇಸರ್ ಬೆಳಕಿನ ಆಟವನ್ನು ಇಂಥ ನಾಯಿಯ ಮುಂದೆ ತಮಾಷೆಗೂ ಆಡಬಾರದು. ನಮ್ಮ ಮನೆಯಲ್ಲಿ ಸಂಜೆ ಕಾಳುಗಳನ್ನು ಮೂಸಿ ಹುಡುಕುವ ಆಟ, ಹೆಸರು ಹೇಳಿದ ವಸ್ತುವನ್ನು ತರುವ ಆಟ ನಡೆಯುತ್ತದೆ. ಅವೆರಡಕ್ಕಿಂತಲೂ ಹೆಚ್ಚು ತಾಳ್ಮೆಯಿಂದ ಕಲಿಸಿದ್ದು, ಚಾಪೆಯ ಮೇಲೆ ಮಲಗಿ ಏನೂ ಮಾಡದೆ ಇರುವುದನ್ನು. ಹಗಲೆಲ್ಲ ಮನೆಗೆ ಬೀಗ ಹಾಕಿ ಹೋಗುವವರು ಇದನ್ನು ಯಾವ ಹೊತ್ತಿನಲ್ಲಿ ಕಲಿಸುತ್ತಾರೆ?

ಜರ್ಮನ್ ಶೆಫರ್ಡ್‌ನ ಬಗೆ ಬೇರೆ. ನಮ್ಮ ತಂದೆಯ ಕಾಲದವರು ಅಲ್ಸೇಷಿಯನ್ ಎನ್ನುತ್ತಿದ್ದ ಈ ನಾಯಿಯ ಪೂರ್ವಜರು, ಬೇಲಿ ಇಲ್ಲದ ಹೊಲಗಳ ನಡುವೆ ಕುರಿ ಮೇಯುತ್ತಿರುವಾಗ ಹೊಲದ ಅಂಚಿನಲ್ಲಿ ಅತ್ತಿಂದಿತ್ತ ಓಡಾಡುತ್ತ ಕುರಿಗಳು ಪೈರಿಗೆ ಬಾಯಿ ಹಾಕದಂತೆ ತಡೆಯುತ್ತಿದ್ದವು. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಹೊರಾಂಡ್ ಎಂಬ ನಾಯಿಯಿಂದ ಈ ತಳಿಯನ್ನು ನೆಲೆಗೊಳಿಸಿದರು. ನಮ್ಮ ಭೀಮ ನಗರದಲ್ಲಿ ಹುಟ್ಟಿ ಬೆಳೆದವನು, ಕುರಿಯನ್ನು ಹತ್ತಿರದಿಂದ ಕಂಡವನಲ್ಲ. ಆದರೂ ಮುಂಬಾಗಿಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮುಂಬಾಗಿಲಿಗೆ ಅದೇ ಗಸ್ತು ತಿರುಗುತ್ತಿದ್ದ. ಪಾರ್ಸೆಲ್ ತಂದ ಹುಡುಗ ಗಡಿ ದಾಟಿದಂತೆ ಕಂಡರೆ ಬೊಗಳುತ್ತಿದ್ದ, ನಾನು "ಸಾಕು" ಎಂದ ಮೇಲೆ ಸುಮ್ಮನಾಗುತ್ತಿದ್ದ. ಒಬ್ಬ ಯಜಮಾನನ ಮಾತನ್ನು ನಂಬಿ ನಡೆಯುವ, ಕೆಲಸ ಮುಗಿದರೆ ಕಾಲ ಬಳಿ ಬಂದು ಮಲಗುವ ಈ ಗುಣದಿಂದಾಗಿ, ಸರಿಯಾದ ವಂಶದ ಜರ್ಮನ್ ಶೆಫರ್ಡ್ ನಗರದ ಮನೆಗೆ ಬಾರ್ಡರ್ ಕೋಲಿಗಿಂತ ಸುಲಭವಾಗಿ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಸೊಂಟದ ಕೀಲಿನ ದೋಷ ಈ ತಳಿಯಲ್ಲಿ ಸಾಮಾನ್ಯ. ತಂದೆ ತಾಯಿಯ ಸೊಂಟದ ಎಕ್ಸ್‌ರೇ ತೋರಿಸದವರಿಂದ ಮರಿ ತರಬಾರದು. ಬೆನ್ನು ಹಿಂದಕ್ಕೆ ವಿಪರೀತ ಇಳಿಜಾರಾದ ನಾಯಿಯನ್ನು ಯಾರು ಎಷ್ಟೇ ಹೊಗಳಿದರೂ ನಾನು ಒಪ್ಪಲಾರೆ.

ಸೇನೆ ಮತ್ತು ಪೊಲೀಸ್ ಪಡೆಗಳಲ್ಲಿ ಕಾಣುವ ಬೆಲ್ಜಿಯನ್ ಮ್ಯಾಲಿನ್ವಾ ನಾಯಿಯನ್ನು ವೀಡಿಯೊಗಳಲ್ಲಿ ನೋಡಿ ಆಸೆಪಡುವವರು ಈಗ ಪುಣೆಯಲ್ಲಿ ಹೆಚ್ಚಾಗಿದ್ದಾರೆ. ಮನೆಯಲ್ಲಿ ಸಣ್ಣ ಮಕ್ಕಳಿರುವ ಉದ್ಯೋಗಸ್ಥರಿಗೆ ಅದು ಬೇಡವೇ ಬೇಡ. ಕಾರ್ಗಿ ಗಿಡ್ಡ ಕಾಲಿನ ಮುದ್ದಾದ ನಾಯಿ, ಆದರೆ ದನದ ಹಿಮ್ಮಡಿ ಕಚ್ಚಿ ಮುಂದೆ ಅಟ್ಟಲು ಬೆಳೆಸಿದ್ದು ಎಂಬುದನ್ನು ಮರೆಯಬಾರದು. ಶೆಟ್‌ಲ್ಯಾಂಡ್ ಶೀಪ್‌ಡಾಗ್ ಗಾತ್ರದಲ್ಲಿ ಫ್ಲ್ಯಾಟಿಗೆ ಹೊಂದುತ್ತದೆ, ಸ್ವಭಾವ ಮೃದು, ಬೊಗಳುವುದು ಮಾತ್ರ ಬಹಳ.

ಔಷಧಿಯ ವಿಷಯವನ್ನು ಕೋಲಿ ಬಳಗದ ನಾಯಿ ಸಾಕುವ ಪ್ರತಿಯೊಬ್ಬರೂ ತಿಳಿದಿರಲೇಬೇಕು. ಉಣ್ಣಿಗೆ, ಕಜ್ಜಿಗೆ ನಮ್ಮಲ್ಲಿ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಸಲೀಸಾಗಿ ಕೊಡುತ್ತಾರೆ. ಎಂಡಿಆರ್1 ಎಂಬ ಜೀನ್‌ನಲ್ಲಿ ದೋಷವಿರುವ ನಾಯಿಗಳಲ್ಲಿ ಔಷಧವನ್ನು ಮಿದುಳಿನಿಂದ ಹೊರಗೆ ತಳ್ಳುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಅಂಥ ನಾಯಿಗೆ ಈ ಔಷಧ ಹೆಚ್ಚಿನ ಪ್ರಮಾಣದಲ್ಲಿ ಹೋದರೆ ತೂರಾಡುತ್ತದೆ, ಕಣ್ಣು ಕಾಣದಂತಾಗುತ್ತದೆ, ಪ್ರಜ್ಞೆ ತಪ್ಪಿ ಸಾಯಲೂಬಹುದು. ಉದ್ದ ಕೂದಲಿನ ರಫ್ ಕೋಲಿಗಳಲ್ಲಿ ಈ ದೋಷ ತುಂಬ ಹೆಚ್ಚು, ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿಯೂ ಸಾಕಷ್ಟು ಇದೆ, ಬಾರ್ಡರ್ ಕೋಲಿಗಳಲ್ಲಿ ವಿರಳ. ಭೇದಿಗೆ ಕೊಡುವ ಲೋಪೆರಮೈಡ್ ಮಾತ್ರೆಯೂ ಇಂಥ ನಾಯಿಗೆ ಅಪಾಯಕಾರಿ. ಕೆನ್ನೆಯ ಒಳಭಾಗದಿಂದ ಸ್ವಲ್ಪ ದ್ರವ ಒರೆಸಿ ತೆಗೆದು ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಪರೀಕ್ಷೆಯಾಗುವವರೆಗೆ, ಇದು ಕೋಲಿ ಬಳಗದ ನಾಯಿ ಎಂದು ಡಾಕ್ಟರರಿಗೆ ನಾವೇ ಬಾಯಿಬಿಟ್ಟು ಹೇಳಬೇಕು, ಸಂಕೋಚ ಪಡಬಾರದು. ಇನ್ನೊಂದು ಮಾತು: ಮೈಮೇಲೆ ಮಸಿ ಚೆಲ್ಲಿದಂಥ ಮರ್ಲ್ ಬಣ್ಣಕ್ಕೆ ಜನ ಮರುಳಾಗುತ್ತಾರೆ. ಆ ಬಣ್ಣದ ಎರಡು ನಾಯಿಗಳನ್ನು ಕೂಡಿಸಿದರೆ ಹುಟ್ಟುವ ಮರಿಗಳಲ್ಲಿ ಕೆಲವು ಕಿವುಡಾಗಿಯೋ ಕುರುಡಾಗಿಯೋ ಹುಟ್ಟುತ್ತವೆ. ಗೊತ್ತಿದ್ದೂ ಹಾಗೆ ಮಾಡಿ ಮಾರುವವರನ್ನು ಕಂಡರೆ ನನಗೆ ಸಹಿಸಲಾಗುವುದಿಲ್ಲ.

ಪುಣೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಎರಡು ಪದರಿನ ಕೂದಲಿನ ನಾಯಿಗೆ ಮುಂಜಾನೆಯೊಂದೇ ತಿರುಗಾಟದ ಹೊತ್ತು. ಕೂದಲನ್ನು ಬೋಳಿಸಬಾರದು, ಬಾಚಿ ಒಳಪದರಿನ ಉದುರುಗೂದಲನ್ನು ತೆಗೆಯಬೇಕು. ಸದ್ದಿನ ವಿಷಯವನ್ನೂ ಮೊದಲೇ ಯೋಚಿಸಬೇಕಾಗುತ್ತದೆ. ದೂರದ ಸಿಳ್ಳನ್ನು ಆಲಿಸಲೆಂದೇ ಬೆಳೆದ ಕಿವಿಗಳಿಗೆ ಗಣೇಶೋತ್ಸವದ ಢೋಲ್ ತಾಷಾ, ಅದಕ್ಕೂ ಮುಂಚಿನ ವಾರಗಟ್ಟಲೆಯ ತಾಲೀಮು, ಆಮೇಲೆ ದೀಪಾವಳಿಯ ಪಟಾಕಿ ನಿಜವಾಗಿಯೂ ಕಷ್ಟದ ದಿನಗಳು. ಆಗ ಕಿಟಕಿಗಳನ್ನೆಲ್ಲ ಮುಚ್ಚಿ ಗೌರಿಯ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ.

ಮರಿಯನ್ನೇ ತರುವುದಾದರೆ ಕಾನೂನು ಸ್ಪಷ್ಟವಾಗಿದೆ: 2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಸಾಕಣೆದಾರನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿ ನಾಯಿಯನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬಾರದು. ತಾಯಿ ಹೊಸಬರನ್ನು ಕಂಡು ಹೆದರಿ ಮೂಲೆ ಸೇರಿದರೆ ಮರಿಗಳು ಎಷ್ಟೇ ಚಂದವಿದ್ದರೂ ತಿರುಗಿ ಬರುವುದೇ ಸರಿ.

ಆದರೆ ಅವಳ ಮನೆಗೆ ನಾನು ಹೇಳುವುದು ಮರಿಯನ್ನಲ್ಲ. ಮಂದೆ ಅಟ್ಟುವ ನಾಯಿಯೇ ಬೇಕೆಂಬ ಹಟವಿದ್ದರೆ, ಮೂರು ನಾಲ್ಕು ವರ್ಷ ತುಂಬಿದ, ಮನೆ ಬದಲಾಯಿಸಿದವರೋ ವಿದೇಶಕ್ಕೆ ಹೋದವರೋ ಬಿಟ್ಟುಕೊಡುತ್ತಿರುವ, ಶಾಂತ ಸ್ವಭಾವದ ಜರ್ಮನ್ ಶೆಫರ್ಡ್ ಒಂದನ್ನು ನೋಡಲಿ. ಮರಿಯಲ್ಲಿ ಊಹಿಸಬೇಕಾದ ಗುಣ ಬೆಳೆದ ನಾಯಿಯಲ್ಲಿ ಕಣ್ಣಿಗೆ ಕಾಣುತ್ತದೆ, ಸೊಂಟದ ಎಕ್ಸ್‌ರೇಯನ್ನೂ ಅದೇ ವಾರ ತೆಗೆಸಬಹುದು. ಹಗಲು ಹೊತ್ತಿನಲ್ಲಿ ಮನೆಯಲ್ಲಿರಲು, ಮಧ್ಯಾಹ್ನ ಒಮ್ಮೆ ಕೆಳಗೆ ಕರೆದೊಯ್ಯಲು ನಂಬಿಕೆಯ ಒಬ್ಬರನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದು ಆಗದಿದ್ದರೆ ಸದ್ಯಕ್ಕೆ ಯಾವ ನಾಯಿಯೂ ಬೇಡ ಎಂದು ಅವಳಿಗೆ ನೇರವಾಗಿಯೇ ಹೇಳುತ್ತೇನೆ. ನಾಯಿ ನೋಡಲು ಹೋಗುವಾಗ ಮಗನ ಸೈಕಲ್ಲನ್ನೂ ಒಯ್ಯಬೇಕು. ನಾಯಿಗೆ ಹಗ್ಗ ಹಾಕಿ ಹಿಡಿದುಕೊಂಡು, ಸಾಕಷ್ಟು ದೂರದಲ್ಲಿ ಮಗು ಸೈಕಲ್ ತುಳಿದು ಹೋಗುವಂತೆ ಮಾಡಿ, ಅದು ದಿಟ್ಟಿಸಿ ಮೈ ಬಿಗಿಹಿಡಿಯುತ್ತದೆಯೋ, ಒಮ್ಮೆ ನೋಡಿ, ಹೆಸರು ಕರೆದ ಕೂಡಲೇ ಮುಖ ತಿರುಗಿಸುತ್ತದೆಯೋ ಎಂಬುದನ್ನು ನೋಡಬೇಕು. ಬರುವ ಭಾನುವಾರ ಅವರಿಗೆ ಬಿಡುವಿದ್ದರೆ ನಾನೂ ಜೊತೆಗೆ ಹೋಗುತ್ತೇನೆ.