ಸೋರುವ ಫ್ಲ್ಯಾಂಜಿಗೆ ಹೊಸ ಗ್ಯಾಸ್ಕೆಟ್ ಒಂದೇ ಮದ್ದಲ್ಲ

ಎರಡು ಪೈಪುಗಳ ತುದಿಯನ್ನು ಬೋಲ್ಟು ಹಾಕಿ ಕೂಡಿಸುವ ಅಗಲ ಅಂಚೇ ಫ್ಲ್ಯಾಂಜು, ಅವುಗಳ ನಡುವೆ ಸೋರದಂತೆ ಕೂರಿಸುವ ಬಳೆಯೇ ಗ್ಯಾಸ್ಕೆಟ್. ಫ್ಲ್ಯಾಂಜಿನಿಂದ ಉಗಿ ಸೋರಿದ ಕೂಡಲೇ ತಪ್ಪೆಲ್ಲ ಗ್ಯಾಸ್ಕೆಟ್ ಮೇಲೆ. ಬಿಚ್ಚಿ, ಹೊಸದು ಹಾಕಿ, ಬಿಗಿದು ಲೈನಿಗೆ ಮತ್ತೆ ಉಗಿ ಬಿಡುತ್ತಾರೆ. ಕೆಲವು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಸೋರಿಕೆ. ಇಂಥ ಕಡೆ ಬಹುಪಾಲು ದೋಷ ಪೈಪು ಕೂತ ರೀತಿಯಲ್ಲೋ ಬೋಲ್ಟಿನ ಬಿಗಿತದಲ್ಲೋ ಇರುತ್ತದೆ. 3 ಇಂಚಿನ, ಕ್ಲಾಸ್ 300ರ (ಒತ್ತಡ ತಡೆಯುವ ದರ್ಜೆ) ಉಗಿ ಲೈನನ್ನೇ ತೆಗೆದುಕೊಳ್ಳೋಣ: ಮುಕ್ಕಾಲು ಇಂಚಿನ 8 ಸ್ಟಡ್ (ತಲೆಯಿಲ್ಲದೆ ಎರಡೂ ತುದಿಗೆ ನಟ್ಟು ಹಾಕುವ ಬೋಲ್ಟ್), ನಡುವೆ ಗ್ರಾಫೈಟ್ ತುಂಬಿದ ಸ್ಪೈರಲ್ ವೂಂಡ್ ಗ್ಯಾಸ್ಕೆಟ್ (ಲೋಹದ ಪಟ್ಟಿಯನ್ನು ಸುರುಳಿ ಸುತ್ತಿ ಮಾಡಿದ್ದು).

ಹಳೆಯ ಗ್ಯಾಸ್ಕೆಟನ್ನು ಎಸೆಯುವ ಮೊದಲು ವರ್ನಿಯರ್ ಹಿಡಿದು ನಾಲ್ಕು ಕಡೆ ದಪ್ಪ ಅಳೆಯಿರಿ. 4.5 ಮಿ.ಮೀ. ಸುರುಳಿ ಸರಿಯಾಗಿ ಒತ್ತಿದ್ದರೆ ಸುತ್ತಲೂ ಸುಮಾರು 3.3 ಮಿ.ಮೀ.ಗೆ ಇಳಿದಿರುತ್ತದೆ. ಒಂದು ಕಡೆ ಒತ್ತಿ, ಎದುರು ಕಡೆ ದಪ್ಪ ಹಾಗೇ ಉಳಿದಿದ್ದರೆ ಫ್ಲ್ಯಾಂಜುಗಳು ಸಮಾಂತರವಾಗಿರಲಿಲ್ಲ, ಇಲ್ಲವೇ ಒಂದೇ ಬದಿಯಿಂದ ಬಿಗಿದಿದ್ದಾರೆ. ಸುತ್ತಲೂ ದಪ್ಪವೇ ಉಳಿದಿದ್ದರೆ ಬಿಗಿತ ಸಾಲದು.

ಸ್ಟಡ್ ತೆಗೆದ ಮೇಲೆ ಪೈಪು ಪಕ್ಕಕ್ಕೆ ಜಿಗಿದರೆ ಅಲ್ಲೇ ಕೆಲಸ ನಿಲ್ಲಿಸಿ. ಕಾರ್ಖಾನೆ ಪೈಪುಗಳಿಗಾಗಿ ಇರುವ ಎಎಸ್‌ಎಂಇ ಬಿ31.3 ಸಂಹಿತೆಯ ಪ್ರಕಾರ ಫ್ಲ್ಯಾಂಜು ಮುಖದ ಓರೆ 200 ಮಿ.ಮೀ.ಗೆ 1 ಮಿ.ಮೀ. ಮೀರಬಾರದು, ಬೋಲ್ಟ್ ತೂತುಗಳು 3 ಮಿ.ಮೀ.ಗಿಂತ ಹೆಚ್ಚು ಸರಿದಿರಬಾರದು. ಈ ಫ್ಲ್ಯಾಂಜಿನ ಹೊರವ್ಯಾಸ ಸುಮಾರು 210 ಮಿ.ಮೀ. ಆದ್ದರಿಂದ ಎದುರೆದುರು ಬದಿಯ ಸಂದಿನಲ್ಲಿ ಹೆಚ್ಚೆಂದರೆ 1 ಮಿ.ಮೀ. ವ್ಯತ್ಯಾಸ. ಚೈನ್ ಬ್ಲಾಕ್ ಹಾಕಿ ಎಳೆದು ಸ್ಟಡ್ ತೂರಿಸಿದರೆ ಆಯಿತು ಎನ್ನುವವರಿದ್ದಾರೆ. ಅದು ಒಪ್ಪುವ ಮಾತಲ್ಲ. ಸ್ಟಡ್ಡಿನ ಬಲವೆಲ್ಲ ಪೈಪನ್ನು ಹಿಡಿದಿಡುವುದಕ್ಕೇ ಖರ್ಚಾಗಿ ಗ್ಯಾಸ್ಕೆಟಿಗೆ ಉಳಿಯುವುದು ಚೂರುಪಾರು. ಸಪೋರ್ಟ್ ಸರಿಪಡಿಸಬೇಕು, ಬೇಕಿದ್ದರೆ ಪೈಪು ಕತ್ತರಿಸಿ ಮತ್ತೆ ವೆಲ್ಡ್ ಮಾಡಬೇಕು.

ಮುಖದ ಮೇಲಿನ ವೃತ್ತಾಕಾರದ ಗೀರುಗಳು ಇರಬೇಕಾದವೇ, ಗ್ಯಾಸ್ಕೆಟ್ ಕಚ್ಚಿ ಹಿಡಿಯುವುದು ಅವುಗಳಿಂದ. ಒಳಗಿನಿಂದ ಹೊರಕ್ಕೆ ಅಡ್ಡ ಬಿದ್ದ ಗೀರೇ ಅಪಾಯ, ಉಗಿಗೆ ಅದು ತೆರೆದ ಕಾಲುವೆ. ಹಾಗಾಗಿ ಹಳೆಯ ಗ್ರಾಫೈಟನ್ನು ಹಿತ್ತಾಳೆ ಬ್ರಶ್‌ನಿಂದ, ಗೀರಿನ ದಿಕ್ಕಿನಲ್ಲೇ ತೆಗೆಯಿರಿ. ಗ್ರೈಂಡರ್ ಬೇಡವೇ ಬೇಡ.

ಗ್ಯಾಸ್ಕೆಟ್ ಹೊರಬಳೆಯ ಮೇಲೆ ಬರೆದ ಸೈಜು, ಕ್ಲಾಸು ಓದಿ. 3 ಇಂಚಿಗೆ ಹೊರಬಳೆಯ ವ್ಯಾಸ ಕ್ಲಾಸ್ 150ರದು 136.5 ಮಿ.ಮೀ., 300ರದು ಸುಮಾರು 149 ಮಿ.ಮೀ. ಚಿಕ್ಕದನ್ನು 300ರ ಫ್ಲ್ಯಾಂಜಿನಲ್ಲಿ ಇಟ್ಟರೆ ಸ್ಟಡ್‌ಗಳಿಗೆ ಆತುಕೊಳ್ಳದೆ 6 ಮಿ.ಮೀ.ವರೆಗೆ ಕೆಳಗೆ ಜಾರಿ ಕೂರುತ್ತದೆ. ಗ್ಯಾಸ್ಕೆಟಿಗೆ ಗ್ರೀಸ್ ಹಚ್ಚಬಾರದು, ಜಾರುತ್ತದೆ. ತೆಗೆದದ್ದನ್ನು ಮತ್ತೆ ಹಾಕಲೂಬಾರದು.

ಗ್ರೀಸ್ ಬೇಕಾದದ್ದು ಸ್ಟಡ್ಡಿನ ಥ್ರೆಡ್ಡಿಗೆ ಮತ್ತು ನಟ್ಟು ಫ್ಲ್ಯಾಂಜಿಗೆ ತಾಗುವ ಮುಖಕ್ಕೆ. ಇದು ಎಷ್ಟು ಮುಖ್ಯ ಎಂಬುದಕ್ಕೆ ಲೆಕ್ಕ ನೋಡಿ. ಬಿ7 ದರ್ಜೆಯ ಉಕ್ಕಿನ ಸ್ಟಡ್ಡಿಗೆ 345 ಮೆಗಾಪ್ಯಾಸ್ಕಲ್ ಎಳೆತ ಬರಬೇಕೆಂದರೆ ಸುಮಾರು 74 ಕಿಲೋನ್ಯೂಟನ್ ಬಲ ಬೇಕು. ಕೆ ಗುಣಾಂಕ (ನಟ್ ಫ್ಯಾಕ್ಟರ್, ಥ್ರೆಡ್ಡು ಮತ್ತು ನಟ್ಟಿನ ಘರ್ಷಣೆಯನ್ನೆಲ್ಲ ಒಟ್ಟು ಸೇರಿಸಿದ ಅಂಕಿ) 0.18 ಇದ್ದರೆ ಅದಕ್ಕೆ ಸುಮಾರು 250 ನ್ಯೂಟನ್ ಮೀಟರ್ ಟಾರ್ಕ್ (ನಟ್ಟು ತಿರುಗಿಸುವ ಬಲ) ಸಾಕು. ಒಣಗಿ ತುಕ್ಕು ಹಿಡಿದು ಗುಣಾಂಕ 0.3 ಆದರೆ ಅದೇ 250ಕ್ಕೆ ಸಿಗುವುದು 44 ಕಿಲೋನ್ಯೂಟನ್. ಟಾರ್ಕ್ ರೆಂಚ್ 'ಟಕ್' ಎಂದಿತು, ಆದರೆ ಸುಮಾರು 40% ಬಲವೇ ಇಲ್ಲ. ಇಲ್ಲಿಯ ಅಂಕಿ ಉದಾಹರಣೆಗಷ್ಟೇ. ನಿಮ್ಮ ಗ್ಯಾಸ್ಕೆಟಿಗೆ ತಯಾರಕರು ಹೇಳಿದ ಒತ್ತಡವನ್ನೇ ಹಿಡಿಯಿರಿ.

ನಟ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ ಕೂರಿಸಿ, ಸುತ್ತಲೂ ಸಾಲಾಗಿ 1ರಿಂದ 8ರವರೆಗೆ ಅಂಕಿ ಕೊಟ್ಟು 1-5-3-7-2-6-4-8 ಕ್ರಮದಲ್ಲಿ ಅಡ್ಡಡ್ಡ ಬಿಗಿಯಿರಿ: ಮೊದಲ ಸುತ್ತು ಗುರಿಯ 30%, ಎರಡನೆಯದು 60–70%, ಮೂರನೆಯದು ಪೂರ್ತಿ. ಪ್ರತಿ ಸುತ್ತಿನ ನಂತರ ಸಂದು ಅಳೆಯಿರಿ. ಒಂದು ಸ್ಟಡ್ ಬಿಗಿದಾಗ ಅಕ್ಕಪಕ್ಕದವು ಸಡಿಲವಾಗುತ್ತವೆ, ಅದಕ್ಕೇ ಕೊನೆಗೆ ಪೂರ್ತಿ ಟಾರ್ಕಿನಲ್ಲಿ ವರ್ತುಲವಾಗಿ, ಯಾವ ನಟ್ಟೂ ಅಲುಗದವರೆಗೆ ಸುತ್ತಬೇಕು. ಗ್ಯಾಸ್ಕೆಟ್ ಒತ್ತಿಕೊಂಡು ಕೂತ ಮೇಲೆ, ಕನಿಷ್ಠ 4 ಗಂಟೆ ಬಿಟ್ಟು, ಲೈನ್ ಬಿಸಿಯಾಗುವ ಮೊದಲೇ ಇನ್ನೊಂದು ಸುತ್ತು.

ರಬ್ಬರ್ ಬೆರೆತ ನಾರಿನ ಶೀಟ್ ಗ್ಯಾಸ್ಕೆಟ್ ಆಗಿದ್ದರೆ ಒಮ್ಮೆ ಬಿಸಿ ಕಂಡ ಮೇಲೆ ಬಿಗಿಯುವುದು ತಪ್ಪು: ರಬ್ಬರ್ ಗಟ್ಟಿಯಾಗಿರುತ್ತದೆ, ಒತ್ತಿದರೆ ಬಿರಿಯುತ್ತದೆ. ಸೋರಿದರೆ ಲೈನ್ ನಿಲ್ಲಿಸಿ, ಒತ್ತಡ ಇಳಿಸಿ, ಹೊಸದೇ ಹಾಕಬೇಕು.